ಬೀದಿಯ ಮಗ್ಗಗಳು ನಿಂತ ಮಧ್ಯಾಹ್ನ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಹುಟ್ಟಿ ಬೆಳೆದವರಿಗೆ ಮೆತ್ತಗೆ ಮಾತಾಡಲು ಬರುವುದಿಲ್ಲ. ಇವತ್ತಿಗೂ ನಾನು ಫೋನಿನಲ್ಲಿ ಮಾತು ಶುರು ಮಾಡಿದರೆ ಆ ಕಡೆಯವರು ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದುಕೊಳ್ಳುತ್ತಾರೆಂದು ನನಗೆ ಗೊತ್ತು. ನಾನೇನು ಮಾಡಲಿ? ಆ ಬೀದಿಯಲ್ಲಿ ಮನೆಮನೆಯ ಮುಂಭಾಗದಲ್ಲೂ ವಿದ್ಯುತ್ ಮಗ್ಗ. ಒಂದು ಮನೆಯಲ್ಲಿ ಎರಡಿದ್ದರೆ ಇನ್ನೊಂದರಲ್ಲಿ ನಾಲ್ಕು. ಕರೆಂಟ್ ಇರುವಷ್ಟು ಹೊತ್ತೂ ಅವು ಖಟಕ್ ಖಟಕ್ ಎಂದು ಬಡಿದುಕೊಳ್ಳುತ್ತಲೇ ಇರುತ್ತಿದ್ದವು. ಅಮ್ಮ ನನ್ನನ್ನು ಊಟಕ್ಕೆ ಕರೆದರೆ ಹೊರಗಿನವರು ಜಗಳ ಎಂದುಕೊಳ್ಳುತ್ತಿದ್ದರು.

ನಮಗೆ ಮಾತ್ರ ಆ ಸದ್ದು ಕೇಳುತ್ತಲೇ ಇರಲಿಲ್ಲ. ಕರೆಂಟ್ ಹೋಗಿ ಸದ್ದು ನಿಂತರೆ ತೊಟ್ಟಿಲ ಮಕ್ಕಳು ಎಚ್ಚರವಾಗಿ ಅಳುತ್ತಿದ್ದವು. ಮಗ್ಗ ಮತ್ತೆ ಶುರುವಾದರೆ ಮಲಗುತ್ತಿದ್ದವು. ಗೋಡೆಗೆ ತಗುಲಿ ಹಾಕಿದ್ದ ದೇವರ ಪಟಗಳು ಸಂಜೆಯ ಹೊತ್ತಿಗೆ ಒಂದು ಕಡೆ ವಾಲಿರುತ್ತಿದ್ದವು. ಬೆಳಗ್ಗೆ ಎದ್ದು ಅವನ್ನು ನೆಟ್ಟಗೆ ಮಾಡುವುದು ಅಮ್ಮನ ಮೊದಲ ಕೆಲಸ, ಕಸ ಗುಡಿಸುವುದು ಆಮೇಲೆ. ಎಲ್ಲರ ಮನೆಯಲ್ಲೂ ದೇವರು ಹೀಗೆ ವಾಲುತ್ತಾನೆ ಎಂದೇ ನಾನು ಬಹಳ ಕಾಲ ತಿಳಿದಿದ್ದೆ.

ಮಗ್ಗಗಳು ನಿಲ್ಲುತ್ತಿದ್ದುದು ಮೂರೇ ಕಾರಣಕ್ಕೆ. ಕರೆಂಟ್ ಹೋದರೆ, ಭಾನುವಾರವಾದರೆ, ಬೀದಿಯಲ್ಲಿ ಯಾರಾದರೂ ತೀರಿಕೊಂಡರೆ. ಸಾವಾದ ಮನೆಯವರು ಮೊದಲು ಮಗ್ಗ ನಿಲ್ಲಿಸಿ ಆಮೇಲೆ ಅಳುತ್ತಿದ್ದರು. ಕರೆಂಟ್ ಇದ್ದೂ ಒಂದು ಮನೆಯ ಮಗ್ಗಗಳೆಲ್ಲ ಒಟ್ಟಿಗೆ ನಿಂತವೆಂದರೆ ಪಕ್ಕದ ಮನೆಯವರು ತಮ್ಮವನ್ನೂ ನಿಲ್ಲಿಸುತ್ತಿದ್ದರು. ಆಮೇಲೆ ಎದುರು ಮನೆ, ಅದರಾಚೆ ಮನೆ. ಯಾರೂ ಬಂದು ಸುದ್ದಿ ಹೇಳಬೇಕಾಗಿರಲಿಲ್ಲ. ಹೆಣ ಹೋಗುವ ತನಕ ಬೀದಿಯಲ್ಲಿ ಒಂದು ಮಗ್ಗವೂ ಓಡುತ್ತಿರಲಿಲ್ಲ.

ಇಂಥ ಬೀದಿಗೆ ನಾನು ಕಂಪ್ಯೂಟರ್ ತಂದೆ. ತೊಂಬತ್ತರ ದಶಕದ ನಡುವಿನ ಮಾತು. ಬಿ.ಕಾಂ. ಮುಗಿಸಿ, ದಿನಾ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬಂದು ಕಂಪ್ಯೂಟರ್ ಕೋರ್ಸ್ ಕಲಿತಿದ್ದೆ. ಕಲಿಸಿದ ಸಂಸ್ಥೆಯವರು ನಮ್ಮೂರಿನಲ್ಲಿ ಒಂದು ಶಾಖೆ ಬೇಕು, ನೀವೇ ನಡೆಸಿ ಎಂದರು. ಅವರದೇ ಒಂದು ಹಳೆಯ ಕಂಪ್ಯೂಟರನ್ನೂ ಕೊಟ್ಟರು. ಜಾಗ ಮಾತ್ರ ನಾನು ಹುಡುಕಿಕೊಳ್ಳಬೇಕಿತ್ತು.

ಜಾಗ ಎಲ್ಲಿಂದ ತರಲಿ? ಮನೆಯ ಮುಂಭಾಗವೆಲ್ಲ ಅಪ್ಪನ ನಾಲ್ಕು ಮಗ್ಗ. ಹಿಂದೆ ಒಂದು ಕೋಣೆ, ಅದು ಅಜ್ಜಿಯದು, ಅಪ್ಪನ ತಾಯಿ. ಉಳಿದದ್ದು ಅಡುಗೆಮನೆ. ನಾನು ಮೂರು ದಿನ ಮುಖ ಊದಿಸಿಕೊಂಡು ಓಡಾಡಿದೆ. ನನಗೆ ಸಿಟ್ಟು ಬಂದರೆ ಪಾತ್ರೆಗಳು ಹೆಚ್ಚು ಸದ್ದು ಮಾಡುತ್ತವೆ. ನಾಲ್ಕನೆಯ ದಿನ ಅಪ್ಪ ಫಿಟ್ಟರನ್ನು ಕರೆಸಿ ಮೂಲೆಯ ಮಗ್ಗವೊಂದನ್ನು ಬಿಚ್ಚಿಸಿದರು. ಬಿಚ್ಚಿದ ಮಗ್ಗ ಹಿತ್ತಲಿಗೆ ಹೋಯಿತು. ಖಾಲಿಯಾದ ಮೂಲೆಗೆ ಪ್ಲೈವುಡ್ಡಿನ ತಡಿಕೆ ಕಟ್ಟಿ ನನಗೊಂದು ಕೋಣೆ ಮಾಡಿಕೊಟ್ಟರು.

"ಯುಗಾದಿ ತನ್ಕ ನೋಡ್ತೀನಿ ಮಗಾ" ಅಂದರು. "ನಡೀತು ಅಂದ್ರೆ ಸರಿ. ನಡೀಲಿಲ್ಲ ಅಂದ್ರೆ ಮಗ್ಗ ವಾಪಸ್ ಆ ಜಾಗಕ್ಕೆ ಬರ್ತೈತೆ. ನೀನು ಕಂಡಿಕೆ ಸುತ್ತೋಕೆ ಬರ್ತೀಯ."

ಕಂಡಿಕೆ ಎಂದರೆ ಲಾಳಿಯೊಳಗೆ ಕೂರುವ ಪುಟ್ಟ ನೂಲಿನ ಉರುಳೆ. ಅದಕ್ಕೆ ರೇಷ್ಮೆ ಸುತ್ತುವುದು ಮನೆಯ ಹೆಂಗಸರ ಕೆಲಸ. ನಾನು ಏಳನೇ ವಯಸ್ಸಿನಿಂದ ಸುತ್ತಿದ್ದೆ, ಒಂದು ದಿನವೂ ಇಷ್ಟಪಟ್ಟು ಸುತ್ತಿರಲಿಲ್ಲ. ಆ ಕಂಪ್ಯೂಟರ್ ಓಡಿದರೆ ನಾನು ಮೇಡಂ, ನಿಂತರೆ ಮತ್ತೆ ಕಂಡಿಕೆ. ನನ್ನ ಮುಂದಿದ್ದ ಲೆಕ್ಕ ಇಷ್ಟೇ.

ಮೇಜನ್ನು ಮಗ್ಗದ ಕಡೆಯ ಪ್ಲೈವುಡ್ ಗೋಡೆಗೆ ಒತ್ತಿ ಇಟ್ಟೆವು, ಪ್ಲಗ್ ಇದ್ದದ್ದು ಅಲ್ಲೇ. ಆ ಗೋಡೆಯ ಆಚೆಗೆ ಅಪ್ಪ ಕೂರುವ ಮಗ್ಗ. ಕಂಪ್ಯೂಟರ್ ಎಂದರೆ ಒಂದು ಅಗಲದ ಡಬ್ಬಿ, ಅದರ ಮೇಲೆ ಟೀವಿಯಂಥ ಪರದೆ. ಅಜ್ಜಿ ಅರಿಸಿನ ಕುಂಕುಮ ಇಟ್ಟು, ನಿಂಬೆಹಣ್ಣು ಕುಯ್ದು, ಪರದೆಯ ಮುಂದೆ ಕರ್ಪೂರ ಬೆಳಗಿದಳು. ಐದು ಜನ ವಿದ್ಯಾರ್ಥಿಗಳು ಸೇರಿದರು. ಇಬ್ಬರು ನಮ್ಮ ಬೀದಿಯ ಹುಡುಗಿಯರು, ತ್ಯಾಮಗೊಂಡ್ಲಿನಿಂದ ಬಸ್ಸಿನಲ್ಲಿ ಬರುವ ಅಕ್ಕ ತಂಗಿ, ಇನ್ನೊಬ್ಬರು ನಿವೃತ್ತಿಗೆ ಹತ್ತಿರವಾಗಿದ್ದ ಪಂಚಾಯಿತಿ ಗುಮಾಸ್ತರು. ಗುಮಾಸ್ತರು ತಮ್ಮ ಕಚೇರಿಗೆ ಕಂಪ್ಯೂಟರ್ ಬಂದೇ ಬರುತ್ತದೆ, ಆಗ ತಮ್ಮನ್ನು ಯಾರೂ ಮೂಲೆಗೆ ತಳ್ಳಬಾರದು ಎಂದು ಸೇರಿದ್ದರು. ಒಂದೊಂದು ಅಕ್ಷರವನ್ನೂ ಹುಡುಕಿ, ಬೆರಳೆತ್ತಿ, ಮನಸ್ಸಿನಲ್ಲಿ ದೇವರನ್ನು ನೆನೆದು ಒತ್ತುತ್ತಿದ್ದರು.

ಮೊದಲ ವಾರ ಎಲ್ಲ ಚೆನ್ನಾಗಿ ನಡೆಯಿತು. ಎರಡನೆಯ ವಾರ ಒಂದು ಬೆಳಗ್ಗೆ ಸ್ವಿಚ್ ಹಾಕಿದರೆ ಪರದೆ ಕಪ್ಪಗೆ. ಪ್ಲಗ್ ಕಿತ್ತು ಹಾಕಿದೆ, ಸ್ಟೆಬಿಲೈಸರ್ ನೋಡಿದೆ, ಹಿಂದಿನ ವೈರುಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಸಿಕ್ಕಿಸಿದೆ. ಮಧ್ಯಾಹ್ನದ ತನಕ ಒದ್ದಾಡಿ ಅಳುವ ಹಾಗಾದ ಮೇಲೆ ಗೊತ್ತಾಯಿತು. ಅಮ್ಮ ಪರದೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಕೆಳಗಿದ್ದ ಬೆಳಕಿನ ತಿರುಪನ್ನೂ ಒರೆಸಿದ್ದಳು. ಅದು ಪೂರ್ತಿ ಕೆಳಕ್ಕೆ ತಿರುಗಿತ್ತು.

"ಧೂಳು ಕೂತಿತ್ತಮ್ಮ, ಬಿಡೋಕಾಗ್ತದಾ?" ಅಂದಳು ಅಮ್ಮ.

ಅವತ್ತು ನಕ್ಕೆವು. ಅದಾದ ಎರಡು ದಿನಕ್ಕೆ ಮತ್ತೆ ಕಪ್ಪಾಯಿತು, ಈ ಸಲ ತಿರುಪು ಸರಿಯಾಗಿಯೇ ಇತ್ತು. ಡಬ್ಬಿಯ ಹಿಂದಿನ ಫ್ಯಾನಿಗೆ ಕೈ ಹಿಡಿದರೆ ಗಾಳಿ ಬರುತ್ತಿತ್ತು, ಮುಂದಿನ ದೀಪವೂ ಉರಿಯುತ್ತಿತ್ತು. ಪರದೆಯ ಮೇಲೆ ಮಾತ್ರ ಏನೂ ಇಲ್ಲ. ಸಂಸ್ಥೆಗೆ ಫೋನ್ ಮಾಡಲು ಎಸ್‌ಟಿಡಿ ಬೂತಿಗೆ ಓಡಿದೆ. ರಿಪೇರಿಯ ಹುಡುಗ ಭಾನುವಾರ ಬರುತ್ತಾನೆ, ವಾರದ ದಿನಗಳಲ್ಲಿ ಅವನಿಗೆ ಪುರುಸೊತ್ತಿಲ್ಲ ಎಂದರು.

ಭಾನುವಾರ ಬಂದ. ಚೀಲ ಇಟ್ಟು ಸ್ವಿಚ್ ಹಾಕಿ ತಲೆ ವಾಲಿಸಿ ಕೇಳಿಸಿಕೊಂಡ. ಡಬ್ಬಿಯೊಳಗಿಂದ ಬೀಪ್, ಬೀಪ್, ಬೀಪ್ ಎಂದು ಸಣ್ಣದಾಗಿ ಕೂಗು ಬಂತು.

"ನೋಡಿ ಮೇಡಂ, ಅದೇ ಹೇಳ್ತಾ ಇದೆ, ಮೆಮೊರಿ ಸರಿ ಕೂತಿಲ್ಲ ಅಂತ. ವಾರವೆಲ್ಲ ಕೂಗಿರತ್ತಲ್ಲ, ನೀವು ಕೇಳಿಸ್ಕೊಂಡಿಲ್ವಾ?"

ನಾನು ಕೇಳಿಸಿಕೊಂಡಿರಲಿಲ್ಲ. ಮೂರು ಮಗ್ಗದ ನಡುವೆ ಅದು ಕೂಗಿದರೆ ಯಾರಿಗೆ ಕೇಳಬೇಕು? ಅವನು ಮುಚ್ಚಳ ತೆಗೆದು, ಒಳಗಿನ ಹಸಿರು ಹಲಗೆಯಿಂದ ಬಾಚಣಿಗೆ ಅಗಲದ ಒಂದು ಪಟ್ಟಿಯನ್ನು ಕಿತ್ತ. ಅದರ ಅಂಚಿನ ಹಳದಿ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಅದರ ಸೀಳಿನಲ್ಲಿ ಒತ್ತಿ ಕೂರಿಸಿದ. ಸ್ವಿಚ್ ಹಾಕಿದ ಕೂಡಲೇ ಪರದೆಯ ಮೇಲೆ ಅಂಕಿಗಳು ಓಡಿದವು.

"ಹಿಡ್ಕೊಳ್ಳೋ ಕೊಂಡಿ ಒಂದು ಮುರಿದಿದೆ. ಪರವಾಗಿಲ್ಲ, ಅಲ್ಲಾಡಿಸದೆ ಇದ್ರೆ ಏನೂ ಆಗಲ್ಲ. ಯಾರಾದ್ರೂ ಎತ್ತಾಡ್ತೀರಾ?"

"ಇಲ್ಲಪ್ಪಾ, ಮುಟ್ಟೋದೂ ಇಲ್ಲ" ಎಂದು ನಾವೆಲ್ಲ ಒಂದೇ ದನಿಯಲ್ಲಿ ಹೇಳಿದೆವು. ಅಮ್ಮ ಮಾತ್ರ ಸ್ವಲ್ಪ ಹಿಂದೆ ಸರಿದು ನಿಂತಳು.

ಸೋಮವಾರ ಓಡಿತು, ಮಂಗಳವಾರ ಓಡಿತು, ಬುಧವಾರ ಮಲಗಿತು. ಮುಂದಿನ ಭಾನುವಾರ ಹುಡುಗ ಮತ್ತೆ ಬಂದ. ಪಟ್ಟಿಯನ್ನೇ ಬದಲಾಯಿಸಿದ. ಬುಧವಾರಕ್ಕೆ ಮತ್ತೆ ಕಪ್ಪು. ಮೂರನೆಯ ಭಾನುವಾರ ಅವನು ಪೆಟ್ಟಿಗೆಯೊಳಗಿನ ಪ್ರತಿಯೊಂದನ್ನೂ ಕಿತ್ತು, ಊದಿ, ಉಜ್ಜಿ, ಜೋಡಿಸಿದ. ನಾನು ಪಕ್ಕದಲ್ಲೇ ಕೂತು ಎಲ್ಲ ಕಲಿತುಕೊಂಡೆ. ಅಡುಗೆಮನೆಯ ಡಬ್ಬಿಗಳ ಮುಚ್ಚಳ ತೆಗೆಯುವಷ್ಟೇ ಸಲೀಸಾಗಿ ನಾನು ಕಂಪ್ಯೂಟರಿನ ಮುಚ್ಚಳ ತೆಗೆಯತೊಡಗಿದೆ. ದಿನಾ ಪಾಠಕ್ಕೆ ಮುಂಚೆ ರಬ್ಬರ್ ಉಜ್ಜುವುದು, ಒತ್ತುವುದು, ದೇವರೇ ಎನ್ನುವುದು. ಒಮ್ಮೊಮ್ಮೆ ಪಾಠದ ಮಧ್ಯೆ ಗುಮಾಸ್ತರು ಬೆರಳೆತ್ತಿ ಅಕ್ಷರ ಹುಡುಕುತ್ತಿರುವಾಗಲೇ ಪರದೆ ಕಪ್ಪಾಗುತ್ತಿತ್ತು. ಅವರು ಬೆರಳನ್ನು ಗಾಳಿಯಲ್ಲೇ ಹಿಡಿದುಕೊಂಡು, "ನಾನೇನೂ ಮಾಡ್ಲಿಲ್ಲಮ್ಮ" ಎನ್ನುತ್ತಿದ್ದರು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಪು. ಅಮ್ಮ ಹಲ್ಲಿ ಹೊಕ್ಕಿದೆ ಎಂದಳು. ಅಪ್ಪ ಕರೆಂಟಿನ ಮೇಲೆ ಹಾಕಿದರು, ನಮ್ಮ ಬೀದಿಯಲ್ಲಿ ಎಲ್ಲ ತಪ್ಪೂ ಕೊನೆಗೆ ಕರೆಂಟಿನದೇ. ಅಜ್ಜಿಗೆ ಎದುರು ಮನೆಯವಳ ಕಣ್ಣಿನ ಮೇಲೆ ಅನುಮಾನ. ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ಘಾಟಿಗೆ ತ್ಯಾಮಗೊಂಡ್ಲಿನ ಅಕ್ಕ ತಂಗಿಯರು ಕೆಮ್ಮುತ್ತಾ ಹೊರಗೋಡಿದರು. ಭಾನುವಾರ ಮಾತ್ರ ಕಂಪ್ಯೂಟರ್ ಬಲು ಗುಣವಂತ. ಮೇಷ್ಟ್ರು ಎದುರಿಗಿದ್ದರೆ ತುಂಟ ಮಕ್ಕಳು ಕೈಕಟ್ಟಿ ಕೂರುವುದಿಲ್ಲವೇ, ಹಾಗೆ ರಿಪೇರಿಯವನಿಗೆ ಹೆದರುತ್ತದೆ ಎಂದುಕೊಂಡೆವು. ಭಾನುವಾರ ನಮ್ಮ ಮನೆಯಲ್ಲಿ ಇನ್ನೇನು ಬೇರೆಯಾಗಿರುತ್ತದೆ ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಯುಗಾದಿ ಹತ್ತಿರವಾಯಿತು. ಒಂದು ಸಂಜೆ ಅಪ್ಪ ಫಿಟ್ಟರ್ ಜೊತೆ ನನ್ನ ಕೋಣೆಗೆ ಬಂದರು. ಇಬ್ಬರೂ ಮೇಜಿನ ಕೆಳಗೆ ಬಗ್ಗಿ, ಮಗ್ಗ ಕೂರಿಸುತ್ತಿದ್ದ ಹಳೆಯ ಗುಂಡಿಗಳನ್ನು ನೋಡಿ, ಹಬ್ಬ ಕಳೆದ ಮೇಲೆ ಎಂದೇನೋ ಮಾತಾಡಿಕೊಂಡು ಹೋದರು. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಅಪ್ಪನ ಮೇಲೆ ಕೋಪ ಬಂತು. ಕೋಪ ಮಾಡಿಕೊಳ್ಳಲು ನನಗೇನು ಹಕ್ಕು ಎಂದು ಅದಕ್ಕಿಂತ ಹೆಚ್ಚು ದುಃಖವಾಯಿತು. ಮೂರೇ ಮಗ್ಗದಲ್ಲಿ ಅವರು ಮನೆ ನಡೆಸುತ್ತಿದ್ದರು.

ಅದೇ ವಾರ ಸಂಸ್ಥೆಯಿಂದ ಬೂತಿಗೆ ಫೋನ್ ಬಂತು. ಗುರುವಾರ ಪರೀಕ್ಷಕರು ಬರುತ್ತಾರೆ, ಐದೂ ಜನ ಅವರ ಮುಂದೆ ಅದೇ ಕಂಪ್ಯೂಟರಿನಲ್ಲಿ ಕೆಲಸ ಮಾಡಿ ತೋರಿಸಬೇಕು. ತೋರಿಸಿದರೆ ಶಾಖೆ ಖಾಯಂ, ಇಲ್ಲವಾದರೆ ಕಂಪ್ಯೂಟರನ್ನು ವಾಪಸ್ ತೆಗೆದುಕೊಂಡು ಹೋಗುತ್ತಾರೆ.

"ಭಾನುವಾರ ಇಟ್ಕೊಳ್ಳಿ ಸಾರ್" ಅಂದೆ. "ನಮ್ಮ ಕಂಪ್ಯೂಟರ್ ಭಾನುವಾರ ಚೆನ್ನಾಗಿರತ್ತೆ."

ಆ ಕಡೆಯವರು ಫೋನ್ ಇಟ್ಟುಬಿಟ್ಟರು.

ಗುರುವಾರ ಮಧ್ಯಾಹ್ನ ಬಂದ ಪರೀಕ್ಷಕರು ಐವತ್ತರ ಆಸುಪಾಸಿನ ಹೆಂಗಸು. ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆ, ಕುತ್ತಿಗೆಗೆ ತೂಗು ಹಾಕಿಕೊಂಡ ಕನ್ನಡಕ. ಬಸ್ಸಿಳಿದು ನಮ್ಮ ಬೀದಿಗೆ ಕಾಲಿಟ್ಟಾಗಲೇ ಅವರ ಹಣೆ ಗಂಟಾಗಿತ್ತು. ಒಳಗೆ ಬಂದವರು ಏನೋ ಕೇಳಿದರು. ನನಗೆ ತುಟಿ ಓದಿ ಅಭ್ಯಾಸ, ತಿಳಿಯಿತು.

"ಬಾತ್‌ರೂಮ್ ಹಿತ್ತಲಲ್ಲಿದೆ ಮೇಡಂ" ಎಂದು ಕೂಗಿದೆ. ಬೀದಿಗೆಲ್ಲ ಕೇಳಿತು. ಅವರ ಮುಖ ಇನ್ನಷ್ಟು ಬಿಗಿಯಿತು.

ಐದೂ ಜನ ಸ್ನಾನ ಮಾಡಿ, ವಿಭೂತಿ ಕುಂಕುಮ ಇಟ್ಟುಕೊಂಡು ಸಾಲಾಗಿ ಕೂತಿದ್ದರು. ನಾನು ಬೆಳಗಿನಿಂದ ನಾಲ್ಕು ಸಲ ಪಟ್ಟಿಯನ್ನು ಉಜ್ಜಿ ಒತ್ತಿದ್ದೆ. ಸ್ವಿಚ್ ಹಾಕಿದೆ, ಎದ್ದಿತು. ಗುಮಾಸ್ತರು ಮೊದಲು ಕೂತರು, ಎರಡು ಅಕ್ಷರ ಒತ್ತಿದರು, ಪರದೆ ಕಪ್ಪಾಯಿತು. ಮತ್ತೆ ಮುಚ್ಚಳ ತೆಗೆದೆ, ಒತ್ತಿದೆ. ಎದ್ದಿತು, ಐದು ನಿಮಿಷಕ್ಕೆ ಹೋಯಿತು. ಮೂರನೆಯ ಸಲ ಒತ್ತಿ ಮುಚ್ಚಳ ಹಾಕಿದೆ. ಪರೀಕ್ಷಕರು ಗಡಿಯಾರ ನೋಡಿಕೊಂಡರು. ಅಮ್ಮ ಅವರನ್ನು ಸಮಾಧಾನ ಮಾಡಲು ಕಾಫಿ ತಂದು, ಮೇಜಿನ ಮೇಲೆ ಜಾಗವಿಲ್ಲದೆ ಡಬ್ಬಿಯ ತುದಿಗೆ ಲೋಟ ಇಟ್ಟು ಹೋದಳು.

ಪರೀಕ್ಷಕರು ಕಾಫಿಯನ್ನು ತೆಗೆದುಕೊಳ್ಳಲಿಲ್ಲ. ಕನ್ನಡಕ ಏರಿಸಿಕೊಂಡು ಲೋಟವನ್ನೇ ನೋಡುತ್ತಾ ಕೂತರು. ನಾನೂ ನೋಡಿದೆ. ಕಾಫಿಯ ಮೇಲೆ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು. ಲೋಟ ಮೆಲ್ಲಗೆ, ಯಾರಿಗೂ ತೊಂದರೆ ಕೊಡದ ಹಾಗೆ, ಅಂಚಿನ ಕಡೆಗೆ ಸರಿಯುತ್ತಿತ್ತು.

"ಇದೇನ್ರೀ ಇದು" ಎಂದು ನನ್ನ ಕಿವಿಯ ಹತ್ತಿರ ಬಂದು ಕೂಗಿದರು. "ಲೋಟ ನಡೀತಾ ಇದೆ."

"ಹೂಂ ಮೇಡಂ, ನಡೀತವೆ. ಅದಕ್ಕೇ ನಾವು ತುಂಬ ಹಾಕಲ್ಲ, ಮುಕ್ಕಾಲು ಲೋಟ ಮಾತ್ರ."

"ದಿನಾನೂ ನಡೆಯತ್ತಾ?"

"ಮಗ್ಗ ಓಡ್ತಿದ್ರೆ ನಡೀತವೆ. ಭಾನುವಾರ ನಡೆಯಲ್ಲ."

ಹೇಳಿದ ಮೇಲೆ ನನ್ನ ಬಾಯಿ ತೆರೆದೇ ಇತ್ತು. ಅವರು ಲೋಟವನ್ನು ಎತ್ತಿ ಕೈಗೆ ತೆಗೆದುಕೊಂಡು, ಖಾಲಿಯಾದ ಜಾಗದಲ್ಲಿ ನನ್ನ ಅಂಗೈಯನ್ನು ಹಿಡಿದು ಇರಿಸಿದರು. ಇಪ್ಪತ್ತೆರಡು ವರ್ಷ ಆ ಮನೆಯಲ್ಲಿ ಬದುಕಿದ್ದೆ. ನಮ್ಮ ಮನೆ ನಡುಗುತ್ತದೆ ಎಂದು ಮೊದಲ ಸಲ ಗೊತ್ತಾಯಿತು. ಅಲ್ಲಾಡಿಸಬೇಡಿ ಎಂದಿದ್ದ ಹುಡುಗ. ಇಲ್ಲ, ಮುಟ್ಟುವುದೂ ಇಲ್ಲ ಎಂದಿದ್ದೆವು ನಾವು. ದಿನವೆಲ್ಲ ಅಪ್ಪನ ಮಗ್ಗ ಗೋಡೆಯ ಆಚೆಯಿಂದ ಅದನ್ನು ಅಲ್ಲಾಡಿಸುತ್ತಿತ್ತು. ಎಂಥ ದಡ್ಡರು ನಾವು ಎಂದು ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

"ಒಂದ್ ಗಂಟೆ ನಿಲ್ಸೋಕೆ ಆಗಲ್ವಾ ಅದನ್ನ?" ಅಂದರು ಪರೀಕ್ಷಕರು.

ಹೊರಗಿನವರಿಗೆ ಅದು ಸಣ್ಣ ಮಾತು. ನನ್ನ ಬದುಕಿನಲ್ಲಿ ಅಪ್ಪನಿಗೆ ಮಗ್ಗ ನಿಲ್ಲಿಸಿ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಆಗೆಲ್ಲ ಕರೆಂಟ್ ಇರುತ್ತಿದ್ದುದೇ ಲೆಕ್ಕದ ಹೊತ್ತು. ಆ ವಾರ ಮಧ್ಯಾಹ್ನ ಬಂದು ಆರು ಗಂಟೆಗೆ ಹೋಗುತ್ತಿತ್ತು. ಆ ಹೊತ್ತಿನಲ್ಲಿ ಬೀದಿಯ ಗಂಡಸರು ಊಟಕ್ಕೂ ಏಳುತ್ತಿರಲಿಲ್ಲ. ಮೇಲಾಗಿ ನೇಯ್ಗೆಯ ಮಧ್ಯೆ ಮಗ್ಗ ಹೆಚ್ಚು ಹೊತ್ತು ನಿಂತರೆ ಬಟ್ಟೆಯಲ್ಲಿ ಒಂದು ಸಣ್ಣ ಗೆರೆ ಬೀಳುತ್ತದೆ. ಕರೆಂಟ್ ಹೋಗಿ ಬಿದ್ದ ಗೆರೆಗೆ ಯಾರೂ ಏನೂ ಅನ್ನುವುದಿಲ್ಲ. ಕೈಯಾರೆ ನಿಲ್ಲಿಸಿ ಬೀಳಿಸಿದ ಗೆರೆ ನೇಕಾರನಿಗೆ ಅವಮಾನ.

ಹೋಗಿ ಅಪ್ಪನ ಎದುರು ನಿಂತೆ. ಅವರು ತಲೆ ಎತ್ತಿದರು.

"ಮಗ್ಗ ನಿಲ್ಸಪ್ಪಾ. ಇದು ಅಲ್ಲಾಡಿಸ್ತಾ ಐತೆ. ಅದಕ್ಕೇ ಕಂಪ್ಯೂಟರ್ ಎದ್ದೇಳ್ತಿಲ್ಲ."

ಅಪ್ಪ ಮೊದಲು ಮೇಲೆ ಉರಿಯುತ್ತಿದ್ದ ಬಲ್ಬನ್ನು ನೋಡಿದರು. ಆಮೇಲೆ ಮಗ್ಗದ ಮೇಲಿದ್ದ ಸೀರೆಯನ್ನು ನೋಡಿದರು, ಹಸಿರು ಮೈ, ಅರ್ಧಕ್ಕೆ ಬಂದಿತ್ತು. ಆಮೇಲೆ ನನ್ನನ್ನು ನೋಡಿದರು. ಹಿಡಿ ಎಳೆದು ಆ ಮಗ್ಗ ನಿಲ್ಲಿಸಿದರು. ಎದ್ದು ಹೋಗಿ ಪಕ್ಕದ್ದನ್ನು ನಿಲ್ಲಿಸಿದರು, ಅದರ ಪಕ್ಕದ್ದನ್ನೂ ನಿಲ್ಲಿಸಿದರು.

ಮನೆ ಸುಮ್ಮನಾಯಿತು. ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದು ಓಡಿ ಬಂದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯ ಮಗ್ಗಗಳು ನಿಂತವು. ಎದುರು ಮನೆಯವು ನಿಂತವು. ಅದರಾಚೆ, ಅದರಾಚೆ, ಬೀದಿಯ ತುದಿಯವರೆಗೂ ಒಂದೊಂದೇ ಮನೆಯ ಸದ್ದು ಕಡಿಮೆಯಾಗುತ್ತಾ ಬಂದು, ಕೊನೆಗೆ ಯಾರದೋ ಮನೆಯ ಕೋಳಿ ಕೂಗಿದ್ದು ಕೇಳಿತು.

ನನಗೂ ಅಪ್ಪನಿಗೂ ಒಟ್ಟಿಗೇ ಅರ್ಥವಾಯಿತು. "ಅಯ್ಯೋ ಶಿವನೇ" ಅಂದರು ಅಪ್ಪ.

ಅಷ್ಟರಲ್ಲಿ ಬಾಗಿಲಲ್ಲಿ ಜನ. ಗಂಡಸರು ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದಿದ್ದರು, ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ನಮ್ಮ ಮನೆಯಲ್ಲಿ ಹೋಗುವ ವಯಸ್ಸಿನವರು ಒಬ್ಬರೇ ಎಂದು ಎಲ್ಲರಿಗೂ ಗೊತ್ತಿತ್ತು. ಪಕ್ಕದ ಮನೆಯ ಹಿರಿಯರು ಅಪ್ಪನ ಭುಜದ ಮೇಲೆ ಕೈಯಿಟ್ಟು, "ಬೆಳಿಗ್ಗೆ ಚೆನ್ನಾಗೇ ಮಾತಾಡಿಸ್ತಲ್ಲಪ್ಪ ನಿಮ್ಮವ್ವ" ಅಂದರು. ಎದುರು ಮನೆಯಾಕೆ ಅಮ್ಮನನ್ನು ತಬ್ಬಿಕೊಂಡು ಗೋಳೋ ಎಂದು ಅಳತೊಡಗಿದಳು. ಯಾರು ಸತ್ತರೆಂದು ತಿಳಿಯದ ಅಮ್ಮ, ಅಳುವವರ ಮುಂದೆ ಸುಮ್ಮನಿರಬಾರದೆಂದೋ ಏನೋ, ಸೌಟು ಹಿಡಿದೇ ತಾನೂ ಅತ್ತಳು.

ಹಿಂದಿನ ಕೋಣೆಯಿಂದ ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. ಸದ್ದು ನಿಂತದ್ದಕ್ಕೆ ನಿದ್ದೆ ಕೆಟ್ಟು ಎದ್ದಿದ್ದಳು. ಜನವನ್ನು ನೋಡಿ ತಾನೂ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಯಾರ್ರವ್ವ ಹೋದೋರು?" ಅಂದಳು.

ಎದುರು ಮನೆಯಾಕೆಯ ಅಳು ಅರ್ಧಕ್ಕೆ ನಿಂತಿತು. ಹಿಂದಿನ ಸಾಲಿನಲ್ಲಿದ್ದವನೊಬ್ಬ, ಹೂವಿನ ಹಾರಕ್ಕೆ ಕಳಿಸಿದ್ದವರನ್ನು ವಾಪಸ್ ಕರೆಯಲು ಮೆಲ್ಲಗೆ ಜಾರಿಕೊಂಡ.

ಅಪ್ಪ ಎಲ್ಲರ ಮುಂದೆ ನಿಂತರು. ಅವರು ಸಭೆಯಲ್ಲಿ ಮಾತಾಡುವವರಲ್ಲ. "ಯಾರೂ ಹೋಗಿಲ್ಲ ಕಣ್ರಪ್ಪಾ" ಅಂದರು. "ನಮ್ಮ ಹುಡುಗಿ ಮಿಷನ್ ಏಳ್ಬೇಕು, ಅದಕ್ಕೆ ನಿಲ್ಸಿದ್ದೀನಿ. ಒಳಗೆ ಪರೀಕ್ಷೆ ಐತೆ. ನೀವು ಹೋಗಿ ನಿಮ್ಮವು ಹಾಕ್ಕೊಳ್ರಿ, ಕರೆಂಟ್ ಹೋಗ್ತದೆ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಾದರೂ ಬೈಯುತ್ತಾರೆ ಎಂದು ನಾನು ಕಾದೆ. ನಾನಾಗಿದ್ದರೆ ಬೈಯುತ್ತಿದ್ದೆ. ಪಕ್ಕದ ಮನೆಯ ಹಿರಿಯರು ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು.

"ನಂದೂ ನಿನ್ ಗೋಡೆಗೇ ಅಂಟ್ಕೊಂಡೈತಲ್ಲ, ನಂದು ಓಡಿದ್ರೂ ಅದು ಅಲ್ಲಾಡ್ತದಲ್ವಾ?"

"ಅಲ್ಲಾಡ್ಬೋದು" ಅಂದರು ಅಪ್ಪ.

"ಮತ್ತೆ ಇರ್ಲಿ ಬಿಡು. ನಿಲ್ಸಿದ್ದು ನಿಲ್ಸಾಯ್ತು. ಮಕ್ಳು ಬರ್ದು ಮುಗಿಸ್ಲಿ."

ಒಬ್ಬರೂ ಮನೆಗೆ ಹೋಗಲಿಲ್ಲ. ಕಿಟಕಿಗೆ ಮುಖ ಒತ್ತಿ ನಿಂತರು. ಅಷ್ಟು ಕಣ್ಣುಗಳ ಮುಂದೆ ನಾನು ಮುಚ್ಚಳ ತೆಗೆದು, ಪಟ್ಟಿಯನ್ನು ಕಿತ್ತು, ಉಜ್ಜಿ, ಒತ್ತಿ ಕೂರಿಸಿದೆ. ಸ್ವಿಚ್ ಹಾಕಿದೆ. ಅಂಕಿಗಳು ಓಡಿದವು, ಡಬ್ಬಿ ಒಂದೇ ಒಂದು ಸಲ ಬೀಪ್ ಎಂದಿತು. ಅದು ಎದ್ದು ನಿಂತಾಗ ಮಾಡುವ ಸದ್ದು, ಭಾನುವಾರ ಬಿಟ್ಟು ಬೇರೆ ದಿನ ನಾನು ಕೇಳಿದ್ದು ಅವತ್ತೇ ಮೊದಲು. ಕಿಟಕಿಯಲ್ಲಿದ್ದ ಯಾರೋ, "ಮಾತಾಡ್ತು ಕಣ್ಲಾ" ಎಂದರು.

ಪರೀಕ್ಷೆ ಒಂದು ಗಂಟೆ ಎಂದದ್ದು ಎರಡು ಗಂಟೆಯ ಹತ್ತಿರ ಹೋಯಿತು, ಗುಮಾಸ್ತರ ಕೃಪೆ. ತ್ಯಾಮಗೊಂಡ್ಲಿನ ಅಕ್ಕ ತಂಗಿ ಸರಸರನೆ ಮುಗಿಸಿದರು. ನಮ್ಮ ಬೀದಿಯ ಹುಡುಗಿಯರು ಕಿಟಕಿಯಲ್ಲಿ ಅವರವರ ಅಪ್ಪಂದಿರನ್ನು ನೋಡಿ ನಾಚಿಕೊಂಡು ತಪ್ಪು ಮಾಡಿ, ತಿದ್ದಿಕೊಂಡರು. ಪರದೆ ಒಂದು ಸಲವೂ ಕಪ್ಪಾಗಲಿಲ್ಲ. ಪರೀಕ್ಷಕರು ಮೊದಲ ಸಲ ನಕ್ಕು ತಣ್ಣಗಾದ ಕಾಫಿಯನ್ನು ಕುಡಿದರು. ಹೊರಡುವಾಗ, ಶಾಖೆ ಉಳಿಯುತ್ತದೆ ಎಂದು ಹೇಳುತ್ತೇನೆ, ನೀವು ಮಾತ್ರ ಮೇಜನ್ನು ಗೋಡೆಯಿಂದ ದೂರ ಎಳೆದು ಡಬ್ಬಿಯ ಕೆಳಗೆ ದಪ್ಪಗೆ ಏನಾದರೂ ಹಾಸಿ ಎಂದರು. ಅಜ್ಜಿ ತನ್ನ ಕೌದಿಯನ್ನೇ ನಾಲ್ಕು ಮಡಿಕೆ ಮಾಡಿ ತಂದುಕೊಟ್ಟಳು. ಆ ಹಾಸಿಗೆಯ ಮೇಲೆ ಆ ಕಂಪ್ಯೂಟರ್ ಮುಂದೆ ಮೂರು ವರ್ಷ ದುಡಿಯಿತು, ಅಪರೂಪಕ್ಕೊಮ್ಮೆ ಹಟ ಮಾಡಿದರೂ ನನ್ನ ರಬ್ಬರಿಗೆ ಬಗ್ಗುತ್ತಿತ್ತು.

ಪರೀಕ್ಷಕರನ್ನು ಬಸ್ಸಿಗೆ ಹತ್ತಿಸಿ ನಾನು ಮನೆಗೆ ಬಂದೆ. ಬೀದಿ ಇನ್ನೂ ಸದ್ದಿಲ್ಲದೆಯೇ ಇತ್ತು. ಗಂಡಸರು ಜಗಲಿಗಳ ಮೇಲೆ ಕೂತಿದ್ದರು, ನಮ್ಮ ಮನೆಯ ಮಗ್ಗ ಮೊದಲು ಶುರುವಾಗಲಿ ಎಂದು. ಸಾವಿನ ಮನೆಯಲ್ಲೂ ಪದ್ಧತಿ ಅದೇ, ನಿಲ್ಲಿಸಿದವರೇ ಮೊದಲು ಹಾಕಬೇಕು. ಆರು ಗಂಟೆಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ಅಷ್ಟೂ ಮನೆಯವರು ಆ ಮಧ್ಯಾಹ್ನದ ಕರೆಂಟನ್ನು ನನಗಾಗಿ ಬಿಟ್ಟುಕೊಟ್ಟಿದ್ದರು. ಅವರ ಕಡೆ ನೋಡಿ ಏನಾದರೂ ಹೇಳಬೇಕೆನಿಸಿತು. ಎಲ್ಲರಿಗೂ ಕೈ ಮುಗಿದು ಒಳಗೆ ಹೋದೆ.

ಅಪ್ಪ ತಮ್ಮ ಮಗ್ಗದ ಮುಂದೆ ಕೂತು, ಹಸಿರು ಸೀರೆಯ ಮೇಲೆ ಬೆರಳಾಡಿಸಿ ಗೆರೆ ಎಷ್ಟು ಬಿದ್ದೀತೆಂದು ನೋಡುತ್ತಿದ್ದರು.

"ಏನಂದ್ರು?"

"ಉಳೀತಪ್ಪಾ."

"ಸರಿ. ಫಿಟ್ಟರ್‌ಗೆ ಬರ್ಬೇಡ ಅಂತ ಹೇಳ್ಕಳಿಸ್ತೀನಿ" ಅಂದರು, ನಾಳೆ ಹಾಲು ಬೇಡ ಎನ್ನುವ ಧಾಟಿಯಲ್ಲಿ. ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಅವರಿಗೆ ಏನು ಮಾಡಬೇಕೆಂದು ತಿಳಿಯದೆ ಮಗ್ಗದ ಹಿಡಿಗೆ ಕೈ ಹಾಕಿದರು. ಎಳೆಯುವ ಮುಂಚೆ ತಡಿಕೆಯ ಕಡೆ ತಿರುಗಿದರು.

"ಒಳಗೆ ಇನ್ನೂ ಯಾರಾನ ಕೂತವ್ರಾ? ನೋಡ್ಕೊಂಡ್ ಬಾ. ಆಮೇಲೆ ಹಾಕ್ತೀನಿ."

ಕಣ್ಣೊರೆಸಿಕೊಂಡು ಹೋಗಿ ನೋಡಿದೆ. ಗುಮಾಸ್ತರು ಒಬ್ಬರೇ ಕೂತಿದ್ದರು. ಪಾಸಾದ ಖುಷಿಗೆ ತಮ್ಮ ಹೆಂಡತಿಯ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಿದ್ದರು. ಮೂರನೆಯ ಅಕ್ಷರ ಹುಡುಕುತ್ತಾ ಬೆರಳನ್ನು ಮೇಲೆತ್ತಿದ್ದರು.

"ಇದ್ದಾರಪ್ಪಾ. ಇನ್ನೊಂದ್ ಸ್ವಲ್ಪ ಹೊತ್ತಾಗ್ತದೆ" ಅಂದೆ.

ಅಪ್ಪ ಹಿಡಿಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು.